ಸೀಟಿ ಕಳಚಿರಿ ಎಂದ ಮಾಸ್ತರರು

ಸಿಟ್ಟು ಬಂದಾಗ ನಮ್ಮ ಮಾಸ್ತರರ ಕುತ್ತಿಗೆಯ ನರ ಬೆರಳಿನಷ್ಟು ದಪ್ಪವಾಗಿ ಎದ್ದು ನಿಲ್ಲುತ್ತಿತ್ತು. ಸಿಟ್ಟು ಬಾರದ ದಿನವನ್ನು ನಾನಂತೂ ನೋಡಿಲ್ಲ. ಯಲಬುರ್ಗಾ ಕಡೆಯ ನಮ್ಮ ಹುಡುಗಿಯರ ಕಬಡ್ಡಿ ತಂಡಕ್ಕೆ ಅವರೇ ತರಬೇತುದಾರರು, ಅವರೇ ಮ್ಯಾನೇಜರ್. ಆಟಕ್ಕೆ ಮುಂಚೆ ಕೈಗೆ ಶೇಂಗಾ, ಬೆಲ್ಲ ಹಾಕಿ, "ತಿನ್ರಿ, ಇಲ್ಲಾಂದ್ರ ಆ ಹುಡುಗ್ಯಾರು ನಿಮ್ಮನ್ನ ತಿಂತಾರ" ಎಂದು ಗದರುವರು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಎದುರಾಳಿ ಮುಟ್ಟಿದರೆ ರೆಫ್ರಿಯ ಸೀಟಿಗೆ ಕಾಯದೆ ತಾನೇ ಕೈ ಎತ್ತಿ ಅಂಕಣದಿಂದ ಹೊರಗೆ ನಡೆಯಬೇಕು. "ಸುಳ್ಳು ಹೇಳಿ ನಿಲ್ಲಾಕಿ ನನ್ನ ಟೀಮಿನ್ಯಾಗ ಬ್ಯಾಡ" ಎನ್ನುತ್ತಿದ್ದರು ಮಾಸ್ತರರು.

ಗಂಗಾವತಿಯಲ್ಲಿ ಫೈನಲ್. ಅಂಕ ಸಮ, ಕೊನೆಯ ರೈಡ್ ನನ್ನದು. ಮುಟ್ಟಿ ಬಂದರೆ ಗೆಲುವು, ಹಿಂದಿನ ಎರಡು ರೈಡಿನಂತೆ ಇದೂ ಖಾಲಿಯಾದರೆ ನಾನೇ ಔಟ್, ಅಂಕ ಅವರಿಗೆ. ಮೂಲೆಯ ಹುಡುಗಿಯ ಭುಜ ಮುಟ್ಟಿ ಗೆರೆ ದಾಟಿದೆ. ಆಕೆ ಕೈ ಎತ್ತಿ ಹೊರಗೆ ನಡೆದೇಬಿಟ್ಟಳು. ಅವರ ಮ್ಯಾನೇಜರ್ "ಏ, ಒಳಗ ಬಾ!" ಎಂದು ಅಬ್ಬರಿಸಿದ. ಹುಡುಗಿ ಹೆದರಿ ಒಳಬಂದಳು. ಎಲ್ಲವನ್ನೂ ಕಣ್ಣಾರೆ ಕಂಡ ರೆಫ್ರಿ, "ಮುಟ್ಟಿಲ್ಲ" ಎಂದು ಅಂಕವನ್ನು ಅವರಿಗೆ ಕೊಟ್ಟ.

ಬಹುಮಾನದ ಹೊತ್ತಿಗೆ, ಸೋತ ತಂಡದವರೂ ಎರಡು ಮಾತಾಡಲಿ ಎಂದು ಮೈಕು ಕೊಟ್ಟರು. ಮಾಸ್ತರರು ಧನ್ಯವಾದ ಹೇಳಲಿಲ್ಲ.

"ಇಲ್ಲೇ ಕುಂತಾರ ನೋಡ್ರಿ ರೆಫ್ರಿ ಸಾಹೇಬ್ರು. ಆ ಹುಡುಗಿಗೆ ಇದ್ದಷ್ಟು ನಿಯತ್ತು ಇವರಿಗಿಲ್ಲ. ಸೀಟಿ ಕಳಚಿ ಆಕಿ ಕೊರಳಿಗೆ ಹಾಕ್ರಿ!"

ಯಾರೋ ಮೈಕು ಆರಿಸಿದರು. "ಬಂದ್ ಮಾಡ್ರಿ, ನನಗ ಗಂಟಲ ಐತಿ" ಎಂದು ಕೂಗುತ್ತಲೇ ಮಾಸ್ತರರು ಕೆಳಗಿಳಿದರು. ನನಗೆ ಸೋಲು ಮರೆತು ಮೈತುಂಬ ಖುಷಿಯಾಗಿತ್ತು.

ಪಂದ್ಯ ನಡೆಸುವವರು ಸುಮ್ಮನಿರಲಿಲ್ಲ. ಮಂದಿಯ ಮುಂದೆ ಕ್ಷಮೆ ಕೇಳುವವರೆಗೂ ನಮ್ಮ ತಂಡಕ್ಕೆ ಪ್ರವೇಶವಿಲ್ಲ ಎಂದರು. ಬೈದವರು ಮಾಸ್ತರರು, ಶಿಕ್ಷೆ ಹುಡುಗಿಯರಿಗೆ! ಕ್ಷಮೆ ಕೇಳಬೇಡಿ ಎಂದು ನಾವು ಎಷ್ಟು ಹೇಳಿದರೂ ಮರುವರ್ಷ ಕಾರಟಗಿಯ ಪಂದ್ಯದಲ್ಲಿ ಅವರು ವೇದಿಕೆ ಹತ್ತಿದರು. ಅದೇ ರೆಫ್ರಿಗೆ ಕೈಮುಗಿದು, ಮೈಕಿನಲ್ಲಿ "ತಪ್ಪಾತ್ರಿ" ಎಂದರು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ನಗುತ್ತಿದ್ದ. ಕೆಳಗಿಳಿದ ಮಾಸ್ತರರು ನಮ್ಮ ಮುಖ ನೋಡದೆ, "ಏನ್ ನಿಂತೀರಿ? ಮೈ ಕಾಯಿಸ್ಕೋರಿ, ಆಟ ಐತಿ" ಎಂದರು.

ನಾವು ಆಡಿದೆವು. ಆ ಆಟದಿಂದಲೇ ನನಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ನೌಕರಿ ಸಿಕ್ಕಿತು. ಆದರೆ ಆ "ತಪ್ಪಾತ್ರಿ"ಯನ್ನು ಅವರ ಬಾಯಿಂದ ಹೊರಡಿಸಿದವರನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಮೊನ್ನೆ ಮಾಸ್ತರರು ಎದೆನೋವಿನಿಂದ ತೀರಿಕೊಂಡರು. ಕೊಪ್ಪಳದ ಅವರ ಮನೆಯ ಅಂಗಳದ ತುಂಬ ಜನ. ಆ ರೆಫ್ರಿಯೂ ಹಾರ ಹಿಡಿದು ಬಂದಿದ್ದ. ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದ: "ಅವತ್ತು ನಿಮ್ಮ ಮಾಸ್ತರ್ ಹೇಳಿದ್ದು ಖರೇನ ಇತ್ತವ್ವ."

"ಅವರ ಕಡಿಂದ ಮಂದಿ ಮುಂದ ಕ್ಷಮಾ ಕೇಳಿಸಿದ್ರಿ" ಎಂದೆ. "ಈಗೂ ಮಂದಿ ಕುಂತಾರ. ಎಲ್ಲಾರಿಗೂ ಕೇಳೋಹಂಗ ಹೇಳ್ರಿ."

ಅವನು ಸುತ್ತ ನೋಡಿದ. ಹಾರವನ್ನು ಮಾಸ್ತರರ ಕಾಲ ಬಳಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ನಾನು ಆ ಹಾರವನ್ನು ಎತ್ತಿ ಗೇಟಿನಾಚೆ ಎಸೆದು ಬಂದೆ.