ಸೋಮವಾರ ಏಳದ ಪೆಟ್ಟಿಗೆ

ಆರ್ವೋ ಸಲ್ಮೆಲಾನಂಥ ಸಂಶಯ ಪಿಶಾಚಿ ಅಮೆರಿಕದ ಉತ್ತರ ಮಿನ್ನೆಸೋಟದಲ್ಲಿ ಫಿನ್ಲೆಂಡಿನವರು ನೆಲೆಸಿದ ನಮ್ಮ ಗಣಿ ಊರುಗಳಲ್ಲಿ ಇನ್ನೊಬ್ಬನಿರಲಿಲ್ಲ. ಪಾದ್ರಿ ಕೈಕುಲುಕಿದರೂ ತನ್ನ ಬೆರಳಿನ ಉಂಗುರ ಇನ್ನೂ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವ ಆಸಾಮಿ. ಮದುವೆಯಾಗಲಿಲ್ಲ, ಯಾವಳೋ ಬದುಕಿಕೊಂಡಳು. ಆದರೆ ಊರಿನ ಪುಟ್ಟ ರೇಡಿಯೋ ಕೇಂದ್ರದ ಯಂತ್ರಗಳನ್ನು ಅವನಷ್ಟು ಜೋಪಾನವಾಗಿ ನೋಡಿಕೊಂಡವರೂ ಇಲ್ಲ, ಆ ಮಾತು ಒಪ್ಪಲೇಬೇಕು.

ಕೇಂದ್ರದ ಹಾಡು, ಸಂದರ್ಶನಗಳೆಲ್ಲ ಸಾಲಾಗಿ ಡಿಸ್ಕು ತುಂಬಿದ ಒಂದು ದೊಡ್ಡ ಪೆಟ್ಟಿಗೆಯಲ್ಲಿದ್ದವು. ಅದನ್ನು ಕಂಪ್ಯೂಟರಿಗೆ ಜೋಡಿಸಿದ್ದರು. ಆ ಚಳಿಗಾಲದಲ್ಲಿ ಸೋಮವಾರ ಬಂತೆಂದರೆ ಕಂಪ್ಯೂಟರ್ ಏಳದು, ಗುಂಡಿ ಒತ್ತಿದರೂ ಶುರುವಾಗದು. ತನ್ನೊಳಗಿನ ಡಿಸ್ಕಿನಿಂದ ಏಳಬೇಕಾದದ್ದು, ಅದನ್ನು ಬಿಟ್ಟು ಹಾಡಿನ ಪೆಟ್ಟಿಗೆಯಲ್ಲಿ ತಡಕಾಡಿ, ಏನೂ ಸಿಗಲಿಲ್ಲವೆಂದು ನಿಂತುಬಿಡುತ್ತಿತ್ತು. ಮೊದಲು ಯಾವ ಡಿಸ್ಕು ನೋಡಬೇಕೆಂಬ ಸೆಟ್ಟಿಂಗನ್ನು ಆರ್ವೋ ಸರಿಮಾಡುವನು. ವಾರವಿಡೀ ಸುಖ. ಮತ್ತೆ ಸೋಮವಾರ ಅದೇ ರಾಗ. ಯಾರೂ ಮುಟ್ಟದಂತೆ ಪಾಸ್‌ವರ್ಡ್ ಹಾಕಿದ. ಅದೂ ಮಾಯ!

ಆ ಕೋಣೆಗೆ ಇದ್ದದ್ದು ಎರಡೇ ಕೀಲಿ. ಒಂದು ಅವನದು, ಇನ್ನೊಂದು ಬೆಳಗ್ಗೆ ಹಳೇ ಫಿನ್ನಿಶ್ ಹಾಡು ಹಾಕುವ ವರ್ನಾ ಲಾಹ್ಟಿಯದು. ಗಂಡ ಸತ್ತ ಮೇಲೆ ಆಕೆ ಜೀವ ಹಿಡಿದುಕೊಂಡಿದ್ದೇ ಆ ಕಾರ್ಯಕ್ರಮದಿಂದ.

"ವರ್ನಾ, ಭಾನುವಾರ ಈ ಕಡೆ ಬಂದಿದ್ಯಾ?"

"ಭಾನುವಾರ ನಂಗೆ ಚರ್ಚು, ಬಿಟ್ರೆ ಸೌನಾದ ಹಬೆಸ್ನಾನ. ನಿನ್ನ ಡಬ್ಬ ನೋಡೋಕೆ ಯಾವಳು ಬರ್ತಾಳೋ ಮಾರಾಯ?" ಎಂದು ನಕ್ಕಳು.

ನಕ್ಕದ್ದೇ ತಪ್ಪಾಯಿತು. ಒಳಗೆ ಕಳ್ಳತನವಿದ್ದವರೇ ಹೀಗೆ ನಗುವುದು ಎಂದುಕೊಂಡು ಆರ್ವೋ ಸೀದಾ ಮ್ಯಾನೇಜರ್ ಗಾರ್ಡಿಯ ಹತ್ತಿರ ಹೋದ.

"ಕಣ್ಣಾರೆ ನೋಡಿದ್ಯೇನಯ್ಯಾ?" ಎಂದ ಗಾರ್ಡಿ.

"ಬೆಕ್ಕು ಹಾಲು ಕುಡಿಯೋದನ್ನ ನಿಂತು ನೋಡ್ಬೇಕಾ?"

ಗಾರ್ಡಿಗೆ ಜಗಳವೆಂದರೆ ಆಗದು. ವರ್ನಾಳಿಂದ ಕೀಲಿ ವಾಪಸು ಕೇಳಿದ, 'ಸದ್ಯಕ್ಕೆ' ಕಾರ್ಯಕ್ರಮ ನಿಲ್ಲಿಸಿದ. ಆಕೆ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಮುಂದಿನ ಸೋಮವಾರ ಎರಡೂ ಕೀಲಿ ಆರ್ವೋನ ಜೇಬಿನಲ್ಲೇ ಇದ್ದವು. ಕಂಪ್ಯೂಟರ್ ಏಳಲಿಲ್ಲ! ಹಾಗಾದರೆ ಗಾರ್ಡಿಯೇ ಇರಬೇಕು ಎಂದಿತು ಆ ಹಾಳು ಬುದ್ಧಿ. ಆಮೇಲೆ ಪರದೆಯ ಗಡಿಯಾರ ನೋಡಿದ. ಯಾವುದೋ ಓಬೀರಾಯನ ಕಾಲದ ತಾರೀಖು ತೋರಿಸುತ್ತಿತ್ತು. ಕಂಪ್ಯೂಟರ್ ಬಿಚ್ಚಿದರೆ ಒಳಗೆ ನಾಣ್ಯದಷ್ಟು ಅಗಲದ ಬ್ಯಾಟರಿ ಸತ್ತು ಬಿದ್ದಿತ್ತು. ಗೋಡೆಯ ಕರೆಂಟು ಇರುವಷ್ಟು ಹೊತ್ತು ಯಂತ್ರಕ್ಕೆ ನೆನಪು, ಪ್ಲಗ್ ಕಿತ್ತರೆ ಸೆಟ್ಟಿಂಗು, ಪಾಸ್‌ವರ್ಡು ಎಲ್ಲವೂ ಮರೆವು.

ಪ್ಲಗ್ ಕೀಳುತ್ತಿದ್ದವರು ಯಾರು? ಭಾನುವಾರ ಪ್ರಸಾರವಿಲ್ಲ, ಯಾರಾದರೂ ಇಂಟರ್ನೆಟ್ ತಂತಿಯ ಮೂಲಕ ಕಂಪ್ಯೂಟರಿನೊಳಗೆ ನುಗ್ಗಿಯಾರು ಎಂದು ಶನಿವಾರ ಸಂಜೆ ಒಂದೊಂದೇ ಪ್ಲಗ್ ಕಿತ್ತು ಹೋಗುತ್ತಿದ್ದ ಮಹಾಶಯ, ಆರ್ವೋ ಸಲ್ಮೆಲಾ!

ನಾಚಿಕೆಯಿಂದ ಸತ್ತಂತಾಗಿ ವರ್ನಾಳ ಮನೆಗೆ ಹೋದ. ಆಕೆ ಬಾಗಿಲು ತೆರೆದು, ಕಾಫಿ ಕೊಟ್ಟು, ಏಲಕ್ಕಿ ಬ್ರೆಡ್ಡು ಕೊಯ್ದಿಟ್ಟಳು. ಅವನು ನಡೆದದ್ದನ್ನೆಲ್ಲ ಹೇಳಿದ.

"ತಪ್ಪು ನಂದೇ ವರ್ನಾ. ನಾಳೆಯಿಂದ ಬಾ."

"ಗಾರ್ಡಿ ಮುಂದೆನೂ ಹೀಗೇ ಹೇಳ್ತೀಯಾ?"

"ಹೇಳ್ತೀನಿ. ಆಣೆ."

ಆಕೆಯ ಕಣ್ಣು ತುಂಬಿತು. ಅವನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ ಕೀಲಿಗೆ ಕೈ ಚಾಚಿದಳು.

ಅಷ್ಟರಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೆಂಪು ಹಿಡಿಯ ಸ್ಕ್ರೂಡ್ರೈವರೊಂದು ಅವನ ಕಣ್ಣಿಗೆ ಬಿತ್ತು. ಕೇಂದ್ರದಲ್ಲಿ ಇಂಥದೇ ಒಂದು ಹೋದ ತಿಂಗಳು ಕಾಣೆಯಾಗಿತ್ತಲ್ಲ! ಪುಣ್ಯಾತ್ಮ ಬಾಯಿ ಬಿಡಲಿಲ್ಲ. ಕಣ್ಣು ಮಾತ್ರ ಅಲ್ಲಿಂದ ಕದಲಲಿಲ್ಲ.

ವರ್ನಾ ಅದನ್ನು ನೋಡಿದಳು. ಚಾಚಿದ ಕೈ ಹಿಂದೆ ಹೋಯಿತು. ಎದ್ದು ಸ್ಕ್ರೂಡ್ರೈವರ್ ತಂದು ಅವನ ಲೋಟದ ಪಕ್ಕದಲ್ಲಿಟ್ಟಳು.

"ನೋಡು. ಕೈಯಲ್ಲಿ ಹಿಡ್ಕೊಂಡು ನೋಡು."

ಹಿಡಿಯ ಮೇಲೆ ಚಾಕುವಿನಲ್ಲಿ ಕೆತ್ತಿದ ಹೆಸರಿತ್ತು: ಎಯ್ನೋ. ಆಕೆಯ ಗಂಡನದು.

"ಕೀಲಿ ನೀನೇ ಇಟ್ಕೋ ಆರ್ವೋ," ಎಂದಳು ವರ್ನಾ. "ಕಾಫಿ ಕುಡಿದು ಹೊರಡು."