ಲ್ಯಾಮಿನೇಷನ್ ಆದ ಆರು ಮಾರ್ಕ್ಸ್ ಕಾರ್ಡು

ಸೇರುವುದಕ್ಕೆ ಮೊದಲು ತೋರಿಸಿದ್ದು ಲೆಕ್ಕಕ್ಕೆ ಬರುತ್ತದೆ, ಸೇರಿದ ಮೇಲೆ ತೋರಿಸಿದ್ದು ಬರುವುದಿಲ್ಲ. ನಾನು ಆನ್‌ಲೈನಿನಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಓದಿದ ವಿಶ್ವವಿದ್ಯಾಲಯದ ನಿಯಮಗಳಲ್ಲಿ ಇದೊಂದು ನನಗೆ ಇವತ್ತಿಗೂ ಬಾಯಿಪಾಠ. ಹಿಂದೆ ಬೇರೆ ಎಲ್ಲಾದರೂ ಓದಿ ಪಾಸಾದ ವಿಷಯಗಳಿದ್ದರೆ ಅವುಗಳ ಕ್ರೆಡಿಟ್ಟನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದಿತ್ತು. ಅಷ್ಟನ್ನು ಮತ್ತೆ ಓದಬೇಕಿಲ್ಲ, ಮತ್ತೆ ಬರೆಯಬೇಕಿಲ್ಲ. ಆರು ಸೆಮಿಸ್ಟರಿನಲ್ಲಿ ಹೆಚ್ಚೆಂದರೆ ಮೂರು ಸೆಮಿಸ್ಟರಿನಷ್ಟು ಹೀಗೆ ಕಳೆಯಬಹುದು. ಆದರೆ ಎಲ್ಲ ಕಾಗದವೂ ದಾಖಲಾತಿ ಮುಗಿಯುವುದರೊಳಗೆ ಅವರ ಕೈ ಸೇರಿರಬೇಕು. ದಾಖಲಾತಿ ವರ್ಷಕ್ಕೊಂದೇ ಸಲ, ಜುಲೈನಲ್ಲಿ.

ನನಗೆ ಆ ಮೂರು ಸೆಮಿಸ್ಟರೂ ಬೇಕೇ ಬೇಕಿತ್ತು.

ನಮ್ಮಪ್ಪ ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದ ಹತ್ತಿರದ ಒಂದು ಗ್ರಾಮ ಪಂಚಾಯ್ತಿಯಲ್ಲಿ ನೀರುಗಂಟಿ. ಬೆಳಿಗ್ಗೆ ಮೋಟರು ಹಾಕಿ ಟ್ಯಾಂಕು ತುಂಬಿಸಿ, ಬೀದಿ ಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವ ಕೆಲಸ. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಒಳಗೆ ಬಂದರೆ ಅಪ್ಪ ಎದ್ದು ನಿಲ್ಲುತ್ತಿದ್ದರು. ಅಧಿಕಾರಿ ನನಗಿಂತ ಚಿಕ್ಕ ಹುಡುಗಿಯಾಗಿದ್ದಾಗಲೂ ಎದ್ದು ನಿಂತರು. ಅದನ್ನು ನಾನೊಮ್ಮೆ ಕಣ್ಣಾರೆ ಕಂಡೆ. ಆ ಹುಡುಗಿ ಒಳ್ಳೆಯವಳೇ, ‘ಕೂತ್ಕೊಳ್ಳಿ’ ಅಂದಳು. ಅಪ್ಪ ಕೂರಲಿಲ್ಲ. ಆ ಹುದ್ದೆಯ ಪರೀಕ್ಷೆ ಬರೆಯಬೇಕು ಅಂತ ಅವತ್ತೇ ನಾನು ಮನಸ್ಸು ಮಾಡಿದ್ದು. ಡಿಗ್ರಿ ಆಗಿರಲೇಬೇಕು, ಡಿಪ್ಲೊಮಾ ಸಾಲದು. ನೇಮಕಾತಿ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ, ಆದರೆ ನನ್ನ ವಯಸ್ಸು ಗೊತ್ತಿತ್ತು. ನಾನು ಸೇರಬೇಕೆಂದಿದ್ದ ಜುಲೈನಿಂದ ಎಣಿಸಿದರೆ ವಯೋಮಿತಿ ದಾಟಲು ಎರಡು ವರ್ಷ ಉಳಿದಿತ್ತು. ಮೂರು ಸೆಮಿಸ್ಟರು ಕಳೆದರೆ ಒಂದೂವರೆ ವರ್ಷಕ್ಕೆ ಡಿಗ್ರಿ. ಕಳೆಯದಿದ್ದರೆ ಇಲ್ಲ.

ನಾನು ಆಗ ಚನ್ನರಾಯಪಟ್ಟಣದಲ್ಲಿ ಒಂದು ವೇಬ್ರಿಡ್ಜಿನಲ್ಲಿ ಕೆಲಸ ಮಾಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ತೆಂಗಿನಕಾಯಿ, ಕೊಬ್ಬರಿ, ಗೊಬ್ಬರದ ಲಾರಿಗಳು ಬಂದು ತೂಕದ ಮೇಲೆ ನಿಲ್ಲುತ್ತವೆ. ಖಾಲಿ ತೂಕ, ಲೋಡು ತೂಕ ನೋಡಿ ಕಂಪ್ಯೂಟರಿನಲ್ಲಿ ಚೀಟಿ ತೆಗೆದು ಕೊಡಬೇಕು. ಎರಡು ಲಾರಿಗಳ ನಡುವೆ ಸಿಗುವ ಹೊತ್ತು ನನ್ನದು. ಆ ಹೊತ್ತಿನಲ್ಲಿ ಕೂತು ಪಟ್ಟಿ ಮಾಡಿದೆ. ಹೊಳೆನರಸೀಪುರದಲ್ಲಿ ಮಾಡಿದ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ, ಆರು ಮಾರ್ಕ್ಸ್ ಕಾರ್ಡು. ಅದರಿಂದಲೇ ಎರಡು ಸೆಮಿಸ್ಟರು ಕಳೆಯುತ್ತದೆ ಅಂತ ವಿಶ್ವವಿದ್ಯಾಲಯದವರು ಮೇಲ್ ಕಳಿಸಿದ್ದರು. ಡಿಪ್ಲೊಮಾ ಆದ ಮೇಲೆ ಹಾಸನದಲ್ಲಿ ಒಂದೇ ವರ್ಷ ಓದಿ ಬಿಟ್ಟ ಬಿಎಸ್ಸಿಯೂ ಇತ್ತು. ಅಮ್ಮನಿಗೆ ಕಾಯಿಲೆಯಾಯಿತು, ನೋಡಿಕೊಳ್ಳಲು ಊರಿಗೆ ಹೋದೆ. ಅಮ್ಮ ಉಳಿಯಲಿಲ್ಲ, ನಾನು ಕಾಲೇಜಿಗೆ ವಾಪಸ್ಸು ಹೋಗಲಿಲ್ಲ. ಆ ವರ್ಷವನ್ನು ನಾನು ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ಅದರ ಗಣಿತ, ಇಂಗ್ಲಿಷು, ಕನ್ನಡ ಅರ್ಧ ಸೆಮಿಸ್ಟರಿಗೆ ಆಗುತ್ತಿತ್ತು. ಉಳಿದ ಅರ್ಧಕ್ಕೆ ನಾಲ್ಕು ಆನ್‌ಲೈನ್ ಕೋರ್ಸು ಮಾಡಿ, ಮೇ ತಿಂಗಳಲ್ಲಿ ಹಾಸನಕ್ಕೆ ಹೋಗಿ ಪರೀಕ್ಷೆ ಬರೆದು ಬರಬೇಕು.

ವೇಬ್ರಿಡ್ಜಿಗೆ ಬರುವ ಹಮಾಲಿಗಳಲ್ಲಿ ಒಬ್ಬ ಹಿರಿಯ, ನುಗ್ಗೇಹಳ್ಳಿ ಕಡೆಯವನು, ನಾನು ಫೋನಿನಲ್ಲಿ ಪಾಠ ಕೇಳುವುದನ್ನು ನೋಡಿ ಕೇಳಿದ.

“ಏನವ್ವಾ, ಕಾಲೇಜ್ ಸೇರ್ಕಂಡ್ಯಾ?”

“ಇನ್ನೂ ಇಲ್ಲ ಕಣಣ್ಣ. ಸೇರೋಕ್ ಮುಂಚೆ ಒಂದ್ ನಾಕ್ ಪರೀಕ್ಷೆ ಬರೀಬೇಕು.”

“ಸೇರೋಕ್ ಮುಂಚೆನೇ ಪರೀಕ್ಷೆಯಾ? ಮದ್ವೆಗ್ ಮುಂಚೆನೇ ಬಾಣಂತನ ಮಾಡ್ದಂಗಾಯ್ತಲ್ಲವ್ವಾ!”

ಲಾರಿಯ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಪಾಠ ಕೇಳುತ್ತಿದ್ದರೆ ಅವನು ಉಳಿದವರಿಗೆ, “ಲೇ, ಮೆಲ್ಲುಗ್ ಮಾತಾಡ್ರುಲಾ, ಬಾಣಂತಿ ಅವ್ಳೆ ಒಳಗೆ” ಅನ್ನುತ್ತಿದ್ದ. ಮೇ ತಿಂಗಳಲ್ಲಿ ನಾಲ್ಕೂ ಪಾಸಾದಾಗ ಅವನಿಗೇ ಮೊದಲು ಹೇಳಿದೆ.

ಇನ್ನು ಉಳಿದದ್ದು ಮೊಹರಿನ ಕೆಲಸ. ಹಳೆಯ ಮಾರ್ಕ್ಸ್ ಕಾರ್ಡುಗಳ ಅಸಲು ಪ್ರತಿಯ ಹಿಂಬದಿಯಲ್ಲಿ, ಓದಿದ ಕಾಲೇಜಿನವರು ಪರಿಶೀಲಿಸಿ ಮೊಹರು ಹಾಕಿ ಸಹಿ ಮಾಡಬೇಕು. ಹಾಗೆ ಮೊಹರಾದ ಅಸಲನ್ನೇ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ನೋಡಿ ವಾಪಸ್ಸು ಕೊಡುತ್ತಾರೆ. ಡಿಪ್ಲೊಮಾದ್ದು ನನ್ನ ಹತ್ತಿರ ಇದ್ದದ್ದು ಜೆರಾಕ್ಸು. ಅಸಲು ಊರಿನಲ್ಲಿ ಅಪ್ಪನ ಟ್ರಂಕಿನಲ್ಲಿತ್ತು. ಅದು ಅಲ್ಲಿ ಭದ್ರವಾಗಿದೆ ಅನ್ನುವ ಧೈರ್ಯದಲ್ಲಿ ಜೂನ್ ಕೊನೆಯವರೆಗೂ ನಾನು ತರಲು ಹೋಗಲಿಲ್ಲ. ಯಾರು ಕೇಳಿದರೂ ತಪ್ಪು ನನ್ನದೇ ಅನ್ನುತ್ತೇನೆ, ಆ ತಪ್ಪು ಇದು. ಊರಿಗೆ ಹೋದಾಗ ದಾಖಲಾತಿ ಮುಗಿಯಲು ಹದಿನಾರು ದಿನ ಇತ್ತು.

ಅಪ್ಪ ಕೈ ತೊಳೆದು, ಪಂಚೆಗೆ ಒರೆಸಿಕೊಂಡು ಟ್ರಂಕು ತೆಗೆದರು. ಬಟ್ಟೆಯ ಗಂಟು ಬಿಚ್ಚಿ ಆರೂ ಕಾರ್ಡನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಆರಕ್ಕೆ ಆರೂ ಲ್ಯಾಮಿನೇಷನ್ ಆಗಿದ್ದವು. ಗಾಜಿನ ಹಾಗೆ ಹೊಳೆಯುತ್ತಿದ್ದವು.

“ಯಾವಾಗ್ ಮಾಡ್ಸಿದ್ಯಪ್ಪಾ ಇದ್ನ?”

“ನಿಮ್ಮವ್ವ ತೀರ್ಕಂಡ್ ಮ್ಯಾಲೆ. ಪಂಚಾಯ್ತೀಲಿ ರಿಕಾಡ್ನೆಲ್ಲಾ ಗೆದ್ಲು ತಿಂದಾಕ್ಬುಟ್ಟಿತ್ತು ನೋಡು, ಅದುನ್ನ ನೋಡಿ ಭಯ ಆಯ್ತು. ಅರಕಲಗೂಡ್ಗೋಗಿ ದಪ್ಪುಂದೇ ಆಕುಸ್ದೆ. ನೀರ್ ಬಿದ್ರೂ ಏನೂ ಆಗಲ್ಲ ಕಣವ್ವ ಇದುಕ್ಕೆ.”

ನಮ್ಮ ಮನೆಯಲ್ಲಿ ಲ್ಯಾಮಿನೇಷನ್ ಆಗದ ಕಾಗದ ಇರಲಿಲ್ಲ. ರೇಷನ್ ಕಾರ್ಡು, ಅಮ್ಮನ ವೋಟರ್ ಕಾರ್ಡು, ಕೊನೆಗೆ ಮೋಟರಿನ ಗ್ಯಾರಂಟಿ ಚೀಟಿ ಕೂಡ ಆಗಿತ್ತು. ನಮ್ಮ ಬೀದಿಯಲ್ಲಿ ಮಕ್ಕಳನ್ನು ಓದಿಸಿದ ಎಲ್ಲರ ಮನೆಯಲ್ಲೂ ಹಾಗೇ. ನಮ್ಮಲ್ಲಿ ಕಾಗದವನ್ನು ಕಾಪಾಡುವುದು ಅಂದರೆ ಅದೇ.

ನನಗೆ ಆಗ ಏನೂ ಅನ್ನಿಸಲಿಲ್ಲ. ಹಿಂಬದಿಯನ್ನು ತಿರುಗಿಸಿ ನೋಡಿದೆ. ಅಲ್ಲೂ ಪ್ಲಾಸ್ಟಿಕ್ಕು.

ಮಾರನೆಯ ದಿನ ಹೊಳೆನರಸೀಪುರಕ್ಕೆ ಹೋದೆ. ಕಾಲೇಜಿನ ಗುಮಾಸ್ತರು ಕಾರ್ಡು ಕೈಗೆ ತೆಗೆದುಕೊಂಡ ಕೂಡಲೇ ಹೇಳಿದರು.

“ಏನಮ್ಮಾ, ಇದನ್ನ ಹಿಂಗ್ ಮಾಡ್ಕೊಂಡ್ ಬಂದಿದ್ಯಲ್ಲ? ಇದ್ರ ಮೇಲೆ ಸೀಲ್ ಎಲ್ಲಿ ನಿಲ್ಲತ್ತೆ?”

“ಒಂದ್ಸಲ ಹಾಕಿ ನೋಡಿ ಸಾ.”

ಕೆಟ್ಟವರಲ್ಲ, ಹಾಕಿ ನೋಡಿದರು. ನೀಲಿ ಮೊಹರು ಚೆನ್ನಾಗಿಯೇ ಮೂಡಿತು. ಅವರು ಹೆಬ್ಬೆರಳಿನಿಂದ ಒಂದು ಸಲ ಸವರಿದರು, ಅಷ್ಟೂ ಅವರ ಬೆರಳಿಗೆ ಬಂತು. ಬೆರಳನ್ನು ನನ್ನ ಕಡೆ ತೋರಿಸಿದರು.

“ಬೇರೆ ಹಾಳೇಲಿ ಬರ್ದು ಕೊಡ್ತೀರಾ ಸಾ, ಪಾಸಾಗಿದಾಳೆ ಅಂತ?”

“ನಾನ್ ಕೊಡ್ತೀನಮ್ಮಾ, ಅವ್ರ್ ತಗೋಬೇಕಲ್ಲ? ಕೇಳು.”

ಅಲ್ಲೇ ವರಾಂಡದಲ್ಲಿ ನಿಂತು ವಿಶ್ವವಿದ್ಯಾಲಯದ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ತುಂಬಾ ಮರ್ಯಾದೆಯಿಂದ, “ಸಾರಿ ಮ್ಯಾಮ್, ಒರಿಜಿನಲ್ ಮೇಲೆಯೇ ಇರಬೇಕು. ಲ್ಯಾಮಿನೇಟೆಡ್ ಡಾಕ್ಯುಮೆಂಟ್ಸ್ ನಾವು ಆಕ್ಸೆಪ್ಟ್ ಮಾಡೋದಿಲ್ಲ ಮ್ಯಾಮ್” ಅಂದಳು. ಬೇರೆ ಏನಾದರೂ ಸಹಾಯ ಬೇಕೇ ಅಂತಲೂ ಕೇಳಿದಳು. ಬೇಡ ಅಂದೆ.

ಗುಮಾಸ್ತರು ಎರಡು ದಾರಿ ಹೇಳಿದರು. ಕಾರ್ಡು ಹಾಳಾಗಿದೆ ಅಂತ ಬರೆದುಕೊಟ್ಟು ಹೊಸದಕ್ಕೆ ಬೆಂಗಳೂರಿಗೆ ಅರ್ಜಿ ಹಾಕುವುದು. ನಾಲ್ಕು ತಿಂಗಳೂ ಆಗಬಹುದು, ಎಂಟೂ ಆಗಬಹುದು. ಇನ್ನೊಂದು, ಇಸ್ತ್ರಿಪೆಟ್ಟಿಗೆ. “ಬಟ್ಟೆ ಹಾಕಿ ಮೇಲೆ ಕಾಯಿಸಿದ್ರೆ ಬಿಡತ್ತಂತಮ್ಮಾ ಒಂದೊಂದು. ನಾನಂತೂ ನೋಡಿಲ್ಲ.”

ಮತ್ತೆ ಬಸ್ಸು ಹತ್ತಿ ಊರಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ. ಪಕ್ಕದ ಮನೆಯಿಂದ ಇಸ್ತ್ರಿಪೆಟ್ಟಿಗೆ ತಂದು ನಡುಮನೆಯಲ್ಲಿ ಕೂತೆವು. ನಾಲ್ಕನೇ ಸೆಮಿಸ್ಟರಿನ ಕಾರ್ಡಿನಲ್ಲಿ ಅಂಕ ಕಡಿಮೆ ಇತ್ತು, ಹೋದರೆ ಅದೇ ಹೋಗಲಿ ಅಂತ ಅದನ್ನು ತೆಗೆದುಕೊಂಡೆ. ಅಪ್ಪ ತಮ್ಮ ಟವೆಲ್ಲನ್ನು ಮೇಲೆ ಹಾಸಿ ಎರಡೂ ತುದಿ ಹಿಡಿದುಕೊಂಡರು. ನಾನು ಕಾಯಿಸಿದೆ. ಪ್ಲಾಸ್ಟಿಕ್ಕಿನ ವಾಸನೆ ಬಂತು. ಮೂಲೆಯಿಂದ ಉಗುರು ಹಾಕಿ ಎಳೆದರೆ ಪದರ ಬಿಟ್ಟುಕೊಂಡಿತು. ಅಪ್ಪ, “ಬತ್ತಾ ಅದೆ, ಬತ್ತಾ ಅದೆ, ಮೆಲ್ಲುಗೆ” ಅಂದರು. ಬಂತು. ಆದರೆ ಅಕ್ಷರವೂ ಅದರ ಜೊತೆಗೇ ಬಂತು. ನನ್ನ ಹೆಸರು, ವಿಷಯ, ಅಂಕ ಎಲ್ಲ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ಹಿಂದುಮುಂದಾಗಿ ಕಾಣುತ್ತಿತ್ತು. ಚಾಪೆಯ ಮೇಲೆ ಉಳಿದದ್ದು ಬಿಳಿ ಹಾಳೆ, ಮಧ್ಯೆ ಒಂದಿಷ್ಟು ತೂತು.

ಅಪ್ಪ ಟವೆಲ್ಲು ಬಿಡಲಿಲ್ಲ, ಹಾಗೇ ಹಿಡಿದು ಕೂತಿದ್ದರು.

“ನಾನು ಮುಗೀತು ಅಂದ್ಕಂಡೆ ಕಣವ್ವ. ನಿಮ್ಮವ್ವ ತೀರ್ಕಂಡ್ಳು, ನೀನ್ ಕಾಲೇಜ್ ಬಿಟ್ಬುಟ್ಟೆ. ಇನ್ನ್ ಓದಲ್ಲ ಇವ್ಳು, ಇದ್ದುದ್ನಾರಾ ಮಡಗ್ಕಳ್ಳಾನ ಅಂತ...”

“ಇರ್ಲಿ ಬುಡಪ್ಪಾ” ಅಂದೆ. ಬೈಯಬೇಕು ಅನ್ನಿಸಲಿಲ್ಲ, ಅಳಬೇಕು ಅಂತಲೂ ಅನ್ನಿಸಲಿಲ್ಲ. ಇಸ್ತ್ರಿಪೆಟ್ಟಿಗೆ ಆರಲು ಇಟ್ಟು, ಪಕ್ಕದ ಮನೆಯವರಿಗೆ ಕೊಟ್ಟು ಬಂದು, ಅನ್ನಕ್ಕೆ ಇಟ್ಟೆ. ಉಳಿದ ಐದನ್ನು ಮುಟ್ಟಲಿಲ್ಲ.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಎಣಿಸಿದೆ. ಹೊಸ ಕಾರ್ಡು ಬರುವವರೆಗೆ ಕಾದರೆ ಈ ವರ್ಷದ ದಾಖಲಾತಿ ತಪ್ಪುತ್ತದೆ. ಕಾಯುವುದು ಒಂದು ವರ್ಷ, ಓದು ಒಂದೂವರೆ ವರ್ಷ. ಡಿಪ್ಲೊಮಾ ಬಿಟ್ಟು ಈಗಲೇ ಸೇರಿದರೆ ಐದು ಸೆಮಿಸ್ಟರು ಓದಬೇಕು. ಹೀಗೆ ಎಣಿಸಿದರೂ ಎರಡೂವರೆ, ಹಾಗೆ ಎಣಿಸಿದರೂ ಎರಡೂವರೆ. ನನಗೆ ಇದ್ದದ್ದು ಎರಡು. ಹೊಳೆನರಸೀಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇನ್ನೊಂದು ಸಲ ಎಣಿಸಿದೆ. ಬದಲಾಗಲಿಲ್ಲ.

ಆದರೂ ಎರಡು ದಿನ ಬಿಟ್ಟು ಹಾಸನಕ್ಕೆ ಹೋದೆ, ಬಿಎಸ್ಸಿ ಕಾಲೇಜಿಗೆ. ಯಾಕೆ ಹೋದೆ ಅಂದರೆ, ಸೇರುವುದು ಅಂತ ಮೊದಲೇ ತೀರ್ಮಾನ ಮಾಡಿ ಆಗಿತ್ತು, ಅಷ್ಟೇ. ಕಾಲೇಜು ಬಿಟ್ಟವಳು ಮಾರ್ಕ್ಸ್ ಕಾರ್ಡು ಪಡೆಯಲು ಕೂಡ ಹೋಗಿರಲಿಲ್ಲ. ಆಫೀಸಿನ ಮೇಡಂ ಒಂದು ಗಂಟೆ ಹುಡುಕಿ, ದಾರ ಕಟ್ಟಿದ ಕಂತೆಯೊಂದರಿಂದ ನನ್ನ ಎರಡು ಕಾರ್ಡು ತೆಗೆದರು. ಧೂಳು ಒರೆಸಿದರೆ ಒಳಗೆ ಹೊಸದಾಗಿದ್ದವು. ಗೆದ್ದಲು ಮುಟ್ಟಿರಲಿಲ್ಲ. ಹಿಂಬದಿಯಲ್ಲಿ ಮೊಹರು ಒತ್ತಿದರು, ಕಾಗದ ಅದನ್ನು ಹೀರಿಕೊಂಡಿತು. ನಾನು ಬೆರಳಿನಿಂದ ಸವರಿ ನೋಡಿದೆ.

“ಯಾಕಮ್ಮಾ, ನಂಬ್ಕೆ ಇಲ್ವಾ?” ಅಂದರು ಮೇಡಂ.

ಯಾರಿಗೂ ಹೇಳಿಕೊಳ್ಳದ ಆ ಒಂದು ವರ್ಷವೂ, ಬಾಣಂತಿ ಅನ್ನಿಸಿಕೊಂಡು ಬರೆದ ನಾಲ್ಕು ಪರೀಕ್ಷೆಯೂ ಸೇರಿ ಒಂದು ಸೆಮಿಸ್ಟರು ಆಯಿತು. ಮೂರು ವರ್ಷ ಎರಡೆರಡು ಬಸ್ಸು ಬದಲಿಸಿ ಓದಿದ ಡಿಪ್ಲೊಮಾ ಏನೂ ಆಗಲಿಲ್ಲ. ಜುಲೈನಲ್ಲಿ ಸೇರಿದೆ.

ಆಮೇಲಿನ ಎರಡೂವರೆ ವರ್ಷದ ಬಗ್ಗೆ ಹೇಳಲು ಹೆಚ್ಚು ಇಲ್ಲ. ಹೊಳೆನರಸೀಪುರದಲ್ಲಿ ಕಲಿತ ಸಿ ಪ್ರೋಗ್ರಾಮಿಂಗನ್ನು ವೇಬ್ರಿಡ್ಜಿನಲ್ಲಿ ಕೂತು ಮತ್ತೆ ಕಲಿತೆ. ವಿಡಿಯೋದಲ್ಲಿ ಮೇಷ್ಟ್ರು ಮುಂದೇನು ಹೇಳುತ್ತಾರೆ ಅಂತ ನನಗೆ ಮೊದಲೇ ಗೊತ್ತಿರುತ್ತಿತ್ತು, ಆದರೂ ವಿಡಿಯೋ ಪೂರ್ತಿ ಓಡಿಸದಿದ್ದರೆ ಹಾಜರಿ ಬೀಳುತ್ತಿರಲಿಲ್ಲ. ಓಡಿಸಿಕೊಂಡು ಚೀಟಿ ಕೊಡುತ್ತಿದ್ದೆ. ಪಾಸಾಗಿದ್ದ ವಿಷಯವನ್ನೇ ಮತ್ತೆ ಬರೆದು ಪಾಸಾದೆ. ಒಂದೆರಡರಲ್ಲಿ ಡಿಪ್ಲೊಮಾದಲ್ಲಿ ತೆಗೆದದ್ದಕ್ಕಿಂತ ಕಡಿಮೆ ಬಂತು. ನಡುವೆ ಒಂದು ದಿನ ನನ್ನ ವಯೋಮಿತಿ ದಾಟಿತು. ಅವತ್ತು ಭಾನುವಾರ, ಕೆಲಸಕ್ಕೆ ರಜೆ. ಬಟ್ಟೆ ಒಗೆದೆ ಅಂತ ನೆನಪು. ಅದಾದ ಮೇಲೆ ಓದು ಬಿಡಬಹುದಿತ್ತು. ಒಂದು ಸಲ ಬಿಟ್ಟಿದ್ದೆನಲ್ಲ, ಎರಡನೇ ಸಲ ಬಿಡಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಡಿಗ್ರಿ ಪ್ರಮಾಣಪತ್ರ ಅಂಚೆಯಲ್ಲಿ ವೇಬ್ರಿಡ್ಜಿಗೇ ಬಂತು. ಹಮಾಲಿಯಣ್ಣ ಲಕೋಟೆಯನ್ನು ದೂರದಿಂದಲೇ ನೋಡಿ, “ಅಂತೂ ಎರಿಗೆ ಆಯ್ತಾ?” ಅಂದ. ಮುಂದಿನ ರಜೆಗೆ ಅದನ್ನು ಊರಿಗೆ ತೆಗೆದುಕೊಂಡು ಹೋದೆ.

ಅಪ್ಪ ಕೈ ತೊಳೆದು ಬಂದು, ಅಂಚಿನಲ್ಲಿ ಹಿಡಿದು ನೋಡಿದರು. ಇಂಗ್ಲಿಷು ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಅಂತ ಕೇಳಿದರು, ತೋರಿಸಿದೆ. ಹಿಂದೆ ತಿರುಗಿಸಿ ಖಾಲಿ ಬದಿಯನ್ನೂ ನೋಡಿದರು. ನಾನೇ ಹೇಳಿದೆ.

“ಲ್ಯಾಮಿನೇಷನ್ ಮಾಡ್ಸಪ್ಪಾ. ಇನ್ ಯಾರೂ ಸೀಲ್ ಆಕ್ಬೇಕು ಅನ್ನಲ್ಲ.”

“ಬ್ಯಾಡ ಕಣವ್ವ.”

“ಯಾಕೆ? ಪರೀಕ್ಷೆದು ವಯಸ್ಸು ದಾಟೋಯ್ತಲ್ಲಪ್ಪ. ಮಾಡ್ಸು.”

“ಆ ಪರೀಕ್ಷೆ ಓಯ್ತು, ಓಗ್ಲಿ. ಆವತ್ತೂ ಮುಗೀತು ಅಂತ್ಲೇ ನಾನು ಅಂದ್ಕಂಡಿದ್ದೆ, ಮುಗೀಲಿಲ್ಲ. ನಂಗೇನ್ ಗೊತ್ತು, ನಾಳಿಕ್ ಇನ್ನೊಂದ್ ಓದ್ತೀನಿ ಅಂತ ಬಂದ್ರೆ?”

ಟ್ರಂಕಿನಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದರು. ಅರಕಲಗೂಡಿನ ಅಂಗಡಿಯಲ್ಲಿ ಕೇಳಿ ತಂದಿದ್ದರು, ಅಂಟದ ಕವರು ಇರುವಂಥದ್ದು. ಪ್ರಮಾಣಪತ್ರವನ್ನು ಅದರೊಳಗೆ ಜಾರಿಸಿ, ಮತ್ತೆ ಹೊರಗೆ ಎಳೆದು ನೋಡಿದರು, ಅಂಟುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ಎರಡು ಸಲ ಹಾಗೆ ಮಾಡಿದರು. ಆಮೇಲೆ ಲ್ಯಾಮಿನೇಷನ್ ಆದ ಐದು ಕಾರ್ಡುಗಳ ಮೇಲೆ ಫೈಲನ್ನಿಟ್ಟು, ನಾಲ್ಕು ನುಸಿಗುಳಿಗೆ ಹಾಕಿ, ಟ್ರಂಕಿನ ಮುಚ್ಚಳ ಹಾಕಿದರು.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಚನ್ನರಾಯಪಟ್ಟಣಕ್ಕೆ ಬಂದೆ. ಎರಡು ಕೊಬ್ಬರಿ ಲಾರಿ ಆಗಲೇ ತೂಕಕ್ಕೆ ಬಂದು ನಿಂತಿದ್ದವು.