ಮಾನಪ್ಪ ಮಾಸ್ತರರ ಸೈಕಲ್ ಪರೀಕ್ಷೆ

೧೯೭೫ರ ಸುಮಾರಿಗೆ ಸಿಂದಗಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮಾನಪ್ಪ ಮಾಸ್ತರರು ಮೌಖಿಕ ಪರೀಕ್ಷೆಯಲ್ಲಿ ಸೈಕಲ್ ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. "ಹೌ ಮೆನಿ ವ್ಹೀಲ್ಸ್?" ಎನ್ನುವಾಗ ಅವರ ಕೈಗಳು ಹ್ಯಾಂಡಲ್ ಹಿಡಿದಂತೆ ಮೇಲೇಳುತ್ತಿದ್ದವು, ಬ್ರೇಕಿನ ಮಾತು ಬಂದರೆ ಕಾಲನ್ನು ನೆಲಕ್ಕೆ ಊರುತ್ತಿದ್ದರು. ಒಮ್ಮೆ, ಎಲ್ಲ ಉತ್ತರ ಹೇಳಿದ ಶಂಕ್ರೆವ್ವ "ಕ್ಯಾನ್ ಯೂ ರೈಡ್?" ಎಂದು ಅವರು ಕೇಳಿದ್ದಕ್ಕೆ ತಲೆ ತಗ್ಗಿಸಿದಳು. "ಹುಡುಗ್ಯಾರಿಗೆ ಸೈಕಲ್ ಯಾರು ಕೊಡ್ತಾರ್ರಿ?" "ನನಗೂ ಬರಂಗಿಲ್ಲವ್ವಾ," ಎಂದರು ಮಾಸ್ತರರು ಮೆಲ್ಲಗೆ. "ನಮ್ಮ ಕೇರಿ ಮಂದಿ ಊರಾಗ ಸೈಕಲ್ ಹತ್ತುವಂಗಿರ್ಲಿಲ್ಲ." ಎದ್ದುಹೋಗಿ ದವಾಖಾನೆಯ ನರ್ಸಬಾಯಿಯ ಸೈಕಲ್ ಇಸಿದುಕೊಂಡು ಬಂದರು. ಅವಳನ್ನು ಕೂರಿಸಿ, ಸೀಟು ಹಿಡಿದು ಮೈದಾನದುದ್ದಕ್ಕೂ ಓಡುತ್ತ, "ವಾಟ್ ಆರ್ ಯೂ ಡೂಯಿಂಗ್?" ಎಂದು ಏದುಸಿರಲ್ಲೇ ಕೇಳಿದರು. "ವೀ ಆರ್ ರೈಡಿಂಗ್, ಸರ್," ಎಂದಳು ಶಂಕ್ರೆವ್ವ. ಅಲ್ಲಿ 'ಐ' ಬರಬೇಕಿತ್ತು, ಮಾಸ್ತರರು ತಿದ್ದಲಿಲ್ಲ.